ಹುಳಿ ತಡೆಯದ ಹೊಟ್ಟೆಗೆ ಫಿಲ್ಟರ್ ಕಾಫಿ: ಪುಡಿ, ನೀರು, ಡಿಕಾಕ್ಷನ್, ಹೊತ್ತು – ಏನೇನು ಬದಲಿಸಬೇಕು?

ತಿಂಡಿಕಾಫಿ_ಮೈಸೂರು

ಟೊಮೆಟೊ ಸಾರು, ನಿಂಬೆ ಚಿತ್ರಾನ್ನ, ಹುಣಸೆ ಗೊಜ್ಜು ತಿಂದರೆ ಎದೆಯುರಿ, ಹುಳಿತೇಗು ಬರುವವರು ಕಾಫಿಯನ್ನು ಪೂರ್ತಿ ಬಿಡದೆ ಕುಡಿಯಬೇಕು ಅಂದ್ರೆ ಏನು ಮಾಡಬೇಕು ಅನ್ನೋದು ಒಂದೇ ಕಡೆ ಸಿಕ್ಕರೆ ಅನುಕೂಲ. ಈಗಿನ ಪದ್ಧತಿ ಹೀಗಿದೆ: 60:40 ಚಿಕೋರಿ ಬೆರೆಸಿದ ಪುಡಿ (60 ಪಾಲು ಕಾಫಿ, 40 ಪಾಲು ಹುರಿದ ಚಿಕೋರಿ ಬೇರು), ಹಿತ್ತಾಳೆ ಫಿಲ್ಟರ್, ಆರ್‌ಒ ನೀರು, ನೀಲಿ ಪ್ಯಾಕೆಟ್ ನಂದಿನಿ ಹಾಲು. ಎದ್ದ ತಕ್ಷಣ ಒಂದು ದೊಡ್ಡ ಲೋಟ, ಸಂಜೆ ಇನ್ನೊಂದು. ಬೆಳಗಿನ ಡಿಕಾಕ್ಷನ್ನನ್ನೇ ಸಂಜೆ ಮತ್ತೆ ಒಲೆ ಮೇಲಿಟ್ಟು ಬಿಸಿ ಮಾಡೋದು. ನೆಟ್‌ನಲ್ಲಿ ಹುಡುಕಿದರೆ "ಲೋ ಆಸಿಡ್ ಕಾಫಿ" ಕೊಳ್ಳಿ ಅಂತ ಬರತ್ತೆ. ಅದನ್ನೇ ತರಿಸಬೇಕಾ, ಇರೋದರಲ್ಲೇ ಸರಿ ಮಾಡ್ಕೋಬಹುದಾ?

ಪಥ್ಯದಡುಗೆ

ಇರೋದರಲ್ಲೇ ಬಹಳಷ್ಟು ಸರಿಯಾಗತ್ತೆ. ನೀವು ಬರೆದಿರೋ ಪದ್ಧತಿಯಲ್ಲೇ ತಿದ್ದೋಕೆ ನಾಲ್ಕು ಜಾಗ ಕಾಣ್ತಿವೆ: ಬರಿ ಹೊಟ್ಟೆ, ದೊಡ್ಡ ಲೋಟ, ಸಂಜೆ ಕಾಸಿದ ಡಿಕಾಕ್ಷನ್, ಆರ್‌ಒ ನೀರು.

ಮೊದಲು ತೊಂದರೆ ಯಾವುದು ಅಂತ ಬೇರ್ಪಡಿಸಿಕೊಳ್ಳಿ. ನಾಲಿಗೆಗೆ, ಹಲ್ಲಿಗೆ ಹುಳಿ ಚುರುಕ್ ಅನ್ನೋದು ಒಂದು. ಕುಡಿದ ಅರ್ಧ ಗಂಟೆಯೊಳಗೆ ಎದೆ ನಡುವೆ ಉರಿ, ಗಂಟಲಿಗೆ ಹುಳಿ ನೀರು ಬರೋದು ಇನ್ನೊಂದು. ಮೇಲ್ಹೊಟ್ಟೆ ಕಿವುಚಿದ ಹಾಗಾಗೋದು ಮೂರನೆಯದು. ಒಂದೆರಡು ಗಂಟೆ ಬಿಟ್ಟು ಕೆಳಹೊಟ್ಟೆ ಉಬ್ಬರಿಸೋದು ನಾಲ್ಕನೆಯದು. ನಾಲ್ಕನ್ನೂ ನಾವು "ಗ್ಯಾಸ್ಟ್ರಿಕ್" ಅಂದುಬಿಡ್ತೀವಿ, ಆದರೆ ಒಂದೊಂದಕ್ಕೂ ಕಾರಣ ಬೇರೆ. ಮೊದಲನೆಯದಕ್ಕೆ ಕಪ್ಪಿನೊಳಗಿನ ಹುಳಿ ಕಾರಣ. ಎರಡು ಮತ್ತು ಮೂರಕ್ಕೆ ಕಾಫಿ ನಮ್ಮ ಜಠರದಲ್ಲಿ ಏನು ಮಾಡತ್ತೆ ಅನ್ನೋದು ಮುಖ್ಯ. ನಾಲ್ಕನೆಯದಕ್ಕೆ ಹಾಲಿನಲ್ಲಿರೋ ಲ್ಯಾಕ್ಟೋಸ್ ಅನ್ನೋ ಸಕ್ಕರೆಯೋ ಚಿಕೋರಿಯೋ ಕಾರಣ ಇರಬಹುದು, ಕಾಫಿಗೆ ಸಂಬಂಧವೇ ಇಲ್ಲದಿರಬಹುದು.

ಸಕ್ಕರೆನಾಡು_ಮಂಡ್ಯ

ಅಕ್ಕಾ, ಒಂದು ಅನುಮಾನ. ಮೊಸರು, ಮಜ್ಜಿಗೆ ಕಾಫಿಗಿಂತ ಹುಳಿ ತಾನೆ? ಮುದ್ದೆ ಉಂಡು ಮೇಲೆ ಮಜ್ಜಿಗೆ ಕುಡುದ್ರೆ ಎಷ್ಟೋ ಜನಕ್ಕೆ ತಂಪಾಯ್ತದೆ. ಅದೇ ಜನಕ್ಕೆ ಕಾಫಿ ಕುಡುದ್ರೆ ಉರೀತದೆ. ಯಾಕಂಗೆ?

ಪಥ್ಯದಡುಗೆ

@ಸಕ್ಕರೆನಾಡು_ಮಂಡ್ಯ ಈ ಚರ್ಚೆಗೆಲ್ಲ ಬುಡ ನೀವು ಕೇಳಿದ ಪ್ರಶ್ನೆಯೇ. ಬರಿ ಡಿಕಾಕ್ಷನ್ ಅಥವಾ ಕಪ್ಪು ಕಾಫಿಯ ಪಿಎಚ್ (ಹುಳಿಯ ಅಳತೆ) ಸುಮಾರು 5. ಮೊಸರು 4.5ರ ಆಸುಪಾಸು, ಟೊಮೆಟೊ 4.3, ನಿಂಬೆರಸ 2ರ ಹತ್ತಿರ. ಅಂಕಿ ಇಳಿದಷ್ಟೂ ಹುಳಿ ಹೆಚ್ಚು. ಹಾಲಿನ ಪಿಎಚ್ 6.6–6.7. ಒಂದು ಪಾಲು ಡಿಕಾಕ್ಷನ್ನಿಗೆ ಮೂರು ಪಾಲು ಹಾಲು ಹಾಕಿದ ನಮ್ಮ ಕಾಫಿ 6ರ ಮೇಲೇ ನಿಲ್ಲತ್ತೆ. ಜಠರದ ರಸವೇ 1.5ರಿಂದ 3.5 ಇರುವಾಗ 6ರ ಕಾಫಿ ಅಲ್ಲಿಗೆ ಹುಳಿ ಕೂಡಿಸೋ ಮಾತೇ ಇಲ್ಲ.

ಹಾಗಾದರೆ ಉರಿ ಎಲ್ಲಿಂದ? ಕೆಫೀನ್ ಮತ್ತು ಕಾಫಿಯ ಇತರ ಕೆಲವು ಅಂಶಗಳು ಜಠರಕ್ಕೆ ಇನ್ನಷ್ಟು ಆಮ್ಲ ಸುರಿಸು ಅಂತ ಪ್ರಚೋದನೆ ಕೊಡ್ತವೆ. ಕೆಲವರಲ್ಲಿ ಅನ್ನನಾಳದ ಕೆಳತುದಿಯ ಬಿಗಿತವನ್ನೂ ಸಡಿಲಿಸ್ತವೆ, ಆಗ ಆಮ್ಲ ಮೇಲೆ ಬರತ್ತೆ. ಕೆಫೀನ್ ತೆಗೆದ ಕಾಫಿಯೂ ಆಮ್ಲ ಸುರಿಸತ್ತೆ. ಹಾಗಾಗಿ ಡಿಕ್ಯಾಫ್ ತಂದರೆ ಎಲ್ಲ ಸರಿಹೋಗತ್ತೆ ಅಂತ ನಂಬಬೇಡಿ.

ನೆಟ್‌ನಲ್ಲಿ ಸಿಗೋ "ಲೋ ಆಸಿಡ್" ಸಲಹೆಗಳು ಹೆಚ್ಚಾಗಿ ಹಾಲಿಲ್ಲದೆ 250–300 ಮಿ.ಲೀ. ಕಪ್ಪು ಕಾಫಿ ಕುಡಿಯೋರಿಗೆ ಬರೆದವು. ಹಾಲು ಹಾಕಿ ಕುಡಿಯೋ ನಾವು ಬೀಜದ ಹುಳಿಯ ಹಿಂದೆ ಅಷ್ಟು ಓಡಬೇಕಿಲ್ಲ. ಎಷ್ಟು ಪುಡಿ ಹೊಟ್ಟೆಗೆ ಹೋಗ್ತಿದೆ, ಡಿಕಾಕ್ಷನ್ ಎಷ್ಟು ಹೊತ್ತಿನದು, ಯಾವಾಗ ಕುಡೀತಿದೀವಿ, ಜೊತೆಗೆ ಏನು ತಿಂತಿದೀವಿ – ಇವನ್ನು ನೋಡಬೇಕು.

ಹುರಿಹದ

ಮೇಲಿನದು ಸರಿ. ಆದರೂ ಪುಡಿ ಆರಿಸೋದರಲ್ಲಿ ಕೆಲಸ ಇದೆ, ಯಾಕಂದ್ರೆ ಕೆಫೀನ್ ಎಷ್ಟು ಅಂತ ತೀರ್ಮಾನ ಆಗೋದು ಅಲ್ಲೇ.

ಕಾಫಿ ಬೀಜದಲ್ಲಿ ಮುಖ್ಯವಾಗಿ ಎರಡು ಜಾತಿ, ಅರೇಬಿಕಾ ಮತ್ತು ರೊಬಸ್ಟಾ. ಅರೇಬಿಕಾದಲ್ಲಿ ಕೆಫೀನ್ ತೂಕದ ಸುಮಾರು 1.2%, ರೊಬಸ್ಟಾದಲ್ಲಿ 2.2%. ಲೋಟಕ್ಕೆ 10 ಗ್ರಾಂ 60:40 ಪುಡಿ ಹಾಕಿದರೆ ಅದರಲ್ಲಿ ಕಾಫಿ 6 ಗ್ರಾಂ. ಪೂರ್ತಿ ಅರೇಬಿಕಾ ಆದರೆ ಹೆಚ್ಚೆಂದರೆ 70 ಮಿಲಿಗ್ರಾಂ ಕೆಫೀನ್, ಪೂರ್ತಿ ರೊಬಸ್ಟಾ ಆದರೆ 130. ಅಗ್ಗದ ಮಿಶ್ರಣಗಳಲ್ಲಿ ರೊಬಸ್ಟಾ ಪಾಲೇ ಜಾಸ್ತಿ. ನಾಲಿಗೆಗೆ ರೊಬಸ್ಟಾ ಹುಳಿ ಕಡಿಮೆ, ಕಹಿ ಜಾಸ್ತಿ. ಅದಕ್ಕೇ ಜನ "ಹುಳಿಯಿಲ್ಲ, ಹೊಟ್ಟೆಗೆ ಒಳ್ಳೇದು" ಅಂತ ತಗೋತಾರೆ, ಹೊಟ್ಟೆಗೆ ಹೋಗೋ ಕೆಫೀನ್ ಮಾತ್ರ ಎರಡರಷ್ಟಾಗಿರತ್ತೆ. ಚಿಕೋರಿ ಪ್ರಮಾಣ ಪ್ಯಾಕೆಟ್ ಮೇಲೆ ಬರೆಯಲೇಬೇಕು ಅಂತ ಕಾನೂನಿದೆ (49% ಮೀರೋ ಹಾಗಿಲ್ಲ). ಅರೇಬಿಕಾ-ರೊಬಸ್ಟಾ ಪಾಲನ್ನು ಅಂಗಡಿಯವರನ್ನೇ ಕೇಳಿ ತಿಳಿಯಬೇಕು. ಕಣ್ಣೆದುರು ಪುಡಿ ಮಾಡಿಕೊಡೋ ಅಂಗಡಿ ಮೈಸೂರಲ್ಲಿ ಬೇಕಾದಷ್ಟಿವೆ, ಕೇಳಿದರೆ ಹೇಳ್ತಾರೆ.

ಅಂಗಡಿಯಲ್ಲಿ ಹೀಗೆ ಕೇಳಿ:

ಅರೇಬಿಕಾ ಚೆರ್ರಿ ಇದೆಯಾ? ಅಂದರೆ ಹಣ್ಣನ್ನು ಸಿಪ್ಪೆ ಸಮೇತ ಒಣಗಿಸಿದ ಬೀಜ. ಸಿಪ್ಪೆ ಸುಲಿದು (ಪಲ್ಪ್ ಮಾಡಿ) ತೊಳೆದ ಪ್ಲಾಂಟೇಶನ್ ಎ, ಪೀಬೆರಿ ದರ್ಜೆಯ ಬೀಜಗಳಲ್ಲಿ ಹುಳಿ ಚುರುಕಾಗಿ ಎದ್ದು ಕಾಣತ್ತೆ. ಚೆರ್ರಿಯಲ್ಲಿ ಅದು ಮೆತ್ತಗಿರತ್ತೆ, ಡಿಕಾಕ್ಷನ್ ದಪ್ಪ ಬರತ್ತೆ, ಬೆಲೆಯೂ ಕಡಿಮೆ.

ಮಾನ್ಸೂನ್ಡ್ ಮಲಬಾರ್ ಸಿಕ್ಕರೆ ಇನ್ನೂ ಒಳ್ಳೇದು. ಕರಾವಳಿಯ ಗೋದಾಮುಗಳಲ್ಲಿ ಮಳೆಗಾಲದ ತೇವದ ಗಾಳಿಗೆ ವಾರಗಟ್ಟಲೆ ಹರಡಿಟ್ಟ ಬೀಜ ಅದು. ಬೀಜ ಊದಿ ಹಳದಿ ತಿರುಗಿ, ಹುಳಿ ಬಹುತೇಕ ಹೋಗಿಬಿಟ್ಟಿರತ್ತೆ. ಮಣ್ಣಿನ ವಾಸನೆಯಂಥ ಒಂದು ಘಮ ಇರತ್ತೆ, ಎಲ್ಲರಿಗೂ ಹಿಡಿಸಲ್ಲ. ಅರ್ಧ ಚೆರ್ರಿ, ಅರ್ಧ ಮಾನ್ಸೂನ್ಡ್ ಬೆರೆಸಿದರೆ ಹದವಾಗತ್ತೆ.

ಹುರಿ: ಮೀಡಿಯಂ ದಾಟಿ ಡಾರ್ಕ್‌ಗೆ ಹೋಗೋ ಹಂತ. ಬೀಜ 200 ಡಿಗ್ರಿ ಹತ್ತಿರ ಒಮ್ಮೆ ಸಿಡಿಯತ್ತೆ, 225ರ ಹತ್ತಿರ ಎರಡನೇ ಸಲ ಸಣ್ಣಗೆ ಚಟಪಟ ಅನ್ನತ್ತೆ. ಎರಡನೇ ಸಿಡಿತ ಶುರುವಾಗ್ತಿದ್ದ ಹಾಗೇ ಇಳಿಸಿದ ಬೀಜ ನಮಗೆ ಬೇಕಾದ್ದು. ಬಣ್ಣ ಕಡು ಕಂದು, ಮೇಲೆ ಅಲ್ಲಲ್ಲಿ ಎಣ್ಣೆಯ ಚುಕ್ಕೆ. ಹುರಿ ಜಾಸ್ತಿಯಾದಷ್ಟೂ ಬೀಜದಲ್ಲಿರೋ ಕ್ಲೋರೋಜೆನಿಕ್ ಆಮ್ಲ ಒಡೆದುಹೋಗತ್ತೆ, ಎನ್-ಮೀಥೈಲ್ ಪಿರಿಡಿನಿಯಂ ಅನ್ನೋ ಅಂಶ ಹೆಚ್ಚತ್ತೆ. ಅದು ಹೆಚ್ಚಿದ್ದ ಡಾರ್ಕ್ ಕಾಫಿ ಜಠರಾಮ್ಲವನ್ನು ಕಡಿಮೆ ಸುರಿಸತ್ತೆ ಅಂತ ಸಣ್ಣ ಪ್ರಯೋಗಗಳಲ್ಲಿ ಕಂಡಿದೆ. ಇಡೀ ಬೀಜ ಎಣ್ಣೆ ಸುರೀತಾ ಕಪ್ಪಾಗಿದ್ದರೆ ಅದು ಸೀದಿದೆ, ಬಿಟ್ಟುಬಿಡಿ.

ಹುರಿದ ದಿನವೇ ಪುಡಿ ಮಾಡಿಸಿ ಫಿಲ್ಟರಿಗೆ ಹಾಕಬೇಡಿ. ಹೊಸ ಪುಡಿಯೊಳಗಿನ ಅನಿಲ ಬಿಸಿನೀರು ಬಿದ್ದ ಕೂಡಲೇ ಪುಡಿಯನ್ನು ಉಬ್ಬಿಸಿ ಬಿರುಕು ಬಿಡಿಸತ್ತೆ, ನೀರು ಬಿರುಕಿನಲ್ಲಿ ಇಳಿದುಹೋಗಿ ಡಿಕಾಕ್ಷನ್ ತೆಳ್ಳಗೆ, ಹುಳಿಯಾಗಿ ಬರತ್ತೆ. ಎರಡು ಮೂರು ದಿನ ಕಳೀಲಿ.

ಲೋಟದಬರಾ

ಚಿಕೋರಿ ಜಾಸ್ತಿ ಹಾಕಿದರೆ ಆಸಿಡ್ ಕಡಿಮೆಯಾಗತ್ತೆ ಅಂತ ಎಲ್ಲರೂ ಹೇಳ್ತಾರಲ್ಲ?

ಹುರಿಹದ

@ಲೋಟದಬರಾ ಚಿಕೋರಿಯಲ್ಲಿ ಕೆಫೀನ್ ಇಲ್ಲ. ಅಷ್ಟು ಪಾಲು ಕಾಫಿ ಕಡಿಮೆಯಾಗತ್ತೆ, ಲಾಭ ಅಲ್ಲಿಗೆ ಮುಗೀತು. ಅದು ಆಮ್ಲ ಕಳೆಯೋ ಮದ್ದಲ್ಲ. ಹುರಿದ ಬೇರಿನ ಕಷಾಯವೂ ಸ್ವಲ್ಪ ಆಮ್ಲೀಯವೇ, ಸಿಹಿಗಹಿ ರುಚಿಯಿಂದ ಹುಳಿ ಮುಚ್ಚಿಹೋಗತ್ತೆ ಅಷ್ಟೇ.

ಪಥ್ಯದಡುಗೆ

ಇದಕ್ಕೆ ಸೇರಿಸಬೇಕಾದ್ದು: ಚಿಕೋರಿ ಬೇರಿನಲ್ಲಿ ಇನುಲಿನ್ ಅನ್ನೋ ನಾರು ಇರತ್ತೆ. ಸಣ್ಣ ಕರುಳಲ್ಲಿ ಜೀರ್ಣವಾಗದೆ ದೊಡ್ಡ ಕರುಳಿಗೆ ಹೋಗಿ ಹುದುಗತ್ತೆ. ಈರುಳ್ಳಿ, ಬೆಳ್ಳುಳ್ಳಿ ತಿಂದರೆ ಹೊಟ್ಟೆ ಉಬ್ಬರಿಸೋರಿಗೆ 40% ಚಿಕೋರಿಯೂ ಉಬ್ಬರಿಸಬಹುದು. ಉರಿಯಿಲ್ಲದೆ ಬರೀ ಉಬ್ಬರ ಇದ್ದರೆ ಮೊದಲು ಚಿಕೋರಿ ಇಳಿಸಿ ನೋಡಿ.

ಚಿಕೋರಿ ಇಳಿಸಿದಾಗ ಪುಡಿಯನ್ನೂ ಇಳಿಸಬೇಕು, ಇಲ್ಲಿ ತುಂಬ ಜನ ಎಡವುತ್ತಾರೆ. 60:40 ಪುಡಿ 10 ಗ್ರಾಂ ಹಾಕ್ತಿದ್ದವರು 80:20ಕ್ಕೆ ಬಂದು ಅದೇ 10 ಗ್ರಾಂ ಹಾಕಿದರೆ ಕಾಫಿ 6 ಗ್ರಾಂ ಇದ್ದದ್ದು 8 ಆಗತ್ತೆ. "ಒಳ್ಳೆ ಪುಡಿ ತಂದೆ, ಉರಿ ಜಾಸ್ತಿಯಾಯ್ತು" ಅನ್ನೋ ದೂರು ಬರೋದು ಹೀಗೇ. 80:20 ಆದರೆ ಏಳೂವರೆ ಗ್ರಾಂ ಸಾಕು.

ಒಂಟಿಕೊಪ್ಪಲ್_ಫಿಲ್ಟರ್

ಫಿಲ್ಟರ್ ಕೆಲಸ ವಿವರವಾಗಿ ಬರೀತೀನಿ. ಒಳ್ಳೆ ಪುಡಿಯೂ ಇಲ್ಲೇ ಹಾಳಾಗೋದು.

ಕಾಫಿ ಪುಡಿಯಿಂದ ನೀರಿಗೆ ಮೊದಲು ಇಳಿಯೋದು ಹುಳಿ, ಆಮೇಲೆ ಸಿಹಿ ಮತ್ತು ಮೈ, ಕೊನೆಗೆ ಕಹಿ ಒಗರು. ನೀರು ಸರ್ರನೆ ಇಳಿದುಹೋದರೆ ಹುಳಿಯೇ ಮುಂದಾದ ಡಿಕಾಕ್ಷನ್ ಸಿಗತ್ತೆ. ತೀರಾ ತಡವಾದರೆ ಒಗರು. ನಮಗೆ ಬೇಕಾದ್ದು ನಡುವಿನದು.

ಎರಡು ಸಣ್ಣ ಲೋಟಕ್ಕೆ 80:20 ಪುಡಿ 15 ಗ್ರಾಂ, ಅಂದರೆ ಮಟ್ಟವಾಗಿ ಸುಮಾರು ಮೂರು ದೊಡ್ಡ ಚಮಚ. ನೀರು 90 ಮಿ.ಲೀ. ಪುಡಿ ತನ್ನ ತೂಕದ ಎರಡರಷ್ಟು ನೀರು ಹೀರಿಕೊಂಡು ಬಿಡೋದಿಲ್ಲ, ಹಾಗಾಗಿ ಕೆಳಗೆ ಸಿಗೋದು 60 ಮಿ.ಲೀ. ಸಣ್ಣ ಫಿಲ್ಟರ್ ಬೇಕು. ಆರು ಲೋಟದ ಫಿಲ್ಟರಿಗೆ 15 ಗ್ರಾಂ ಹಾಕಿದರೆ ಪುಡಿಯ ಪದರ ಬೆರಳ ದಪ್ಪವೂ ಬರಲ್ಲ, ನೀರು ನಿಲ್ಲೋದೇ ಇಲ್ಲ.

ಫಿಲ್ಟರಿನ ಎರಡೂ ಭಾಗಕ್ಕೆ ಬಿಸಿನೀರು ಸುತ್ತಿ ಚೆಲ್ಲಿ, ಒರೆಸಿ. ಪುಡಿ ಹಾಕಿ ಮೆಲ್ಲಗೆ ತಟ್ಟಿ ಮಟ್ಟ ಮಾಡಿ. ಹಿಡಿಯಿರೋ ತೂತಿನ ಬಿಲ್ಲೆಯನ್ನು ಪುಡಿ ಮೇಲೆ ಕೂರಿಸಿ ಒಂದು ಸುತ್ತು ತಿರುಗಿಸಿ, ಅದರ ಭಾರವೇ ಸಾಕು. ಹೆಬ್ಬೆರಳಿಟ್ಟು ಅದುಮಿದರೆ ನೀರು ಕಟ್ಟಿಕೊಳ್ಳತ್ತೆ. ನೀರು ಕುದಿ ಬಂದ ಮೇಲೆ ಒಲೆ ಆರಿಸಿ ಅರ್ಧ ನಿಮಿಷ ಬಿಟ್ಟು, ಮೊದಲು 30 ಮಿ.ಲೀ. ಮಾತ್ರ ಬಿಲ್ಲೆಯ ಸುತ್ತ ಸುರಿಯಿರಿ. ಒಂದು ನಿಮಿಷ ಕಾಯಿರಿ, ಪುಡಿ ನೆನೆದು ಉಬ್ಬಿ ಕೂತುಕೊಳ್ಳಲಿ. ಆಮೇಲೆ ಉಳಿದದ್ದು ಹಾಕಿ ಮುಚ್ಚಿ.

ತೊಟ್ಟಿಕ್ಕೋದು 15–20 ನಿಮಿಷಕ್ಕೆ ಮುಗಿದರೆ ಹದ. ಐದು ನಿಮಿಷಕ್ಕೇ ಖಾಲಿಯಾದರೆ ಪುಡಿ ತರಿಯಾಗಿದೆ ಅಥವಾ ಸಡಿಲವಾಗಿದೆ. ಮುಂದಿನ ಸಲ ಒಂದು ಹಂತ ನುಣ್ಣಗೆ ಬೀಸಿಸಿ. ಮುಕ್ಕಾಲು ಗಂಟೆಯಾದರೂ ಮೇಲೆ ನೀರು ನಿಂತಿದ್ದರೆ ಪುಡಿ ತೀರಾ ನುಣ್ಣಗಿದೆ, ಇಲ್ಲವೇ ತೂತು ಕಟ್ಟಿದೆ. ತೂತುಗಳನ್ನು ಬೆಳಕಿಗೆ ಹಿಡಿದು ನೋಡಿ. ಕಟ್ಟಿದ್ದರೆ ಬೋಸಿಯಲ್ಲಿ ನೀರಿಗೆ ಒಂದು ಚಮಚ ಅಡುಗೆ ಸೋಡ ಹಾಕಿ ಹತ್ತು ನಿಮಿಷ ಕುದಿಸಿ ಹಲ್ಲುಜ್ಜೋ ಹಳೇ ಬ್ರಶ್‌ನಲ್ಲಿ ತಿಕ್ಕಿ. ಹಳೇ ಎಣ್ಣೆ ಜಿಡ್ಡು ಕಮಟು ಹಿಡಿದು ಕೊಡೋ ರುಚಿಯನ್ನೂ ಜನ ಹುಳಿ ಅಂದುಕೊಳ್ಳೋದುಂಟು.

ಎರಡನೇ ಡಿಕಾಕ್ಷನ್ ಇಳಿಸಬೇಡಿ. ಅದರಲ್ಲಿ ಬರೋದು ಒಗರು ಮಾತ್ರ. ತೆಳ್ಳಗಿದೆ ಅಂತ ಜಾಸ್ತಿ ಸುರಿದುಕೊಂಡು, ಹಾಲಿನ ಪಾಲು ಕಡಿಮೆಯಾಗತ್ತೆ.

@ತಿಂಡಿಕಾಫಿ_ಮೈಸೂರು ನಿಮ್ಮದು ಹಿತ್ತಾಳೆ ಫಿಲ್ಟರ್ ಅಂದಿರಿ. ಒಳಗೆ ಕಲಾಯಿ ಇದೆಯಾ ನೋಡಿ. ಬೆಳ್ಳಗೆ ಹೊಳೆಯೋ ತವರದ ಪದರ ಸವೆದು ಹಳದಿ ಲೋಹ ಕಾಣ್ತಿದ್ದರೆ ಡಿಕಾಕ್ಷನ್ನಿನ ಆಮ್ಲಕ್ಕೆ ತಾಮ್ರ ಬಿಟ್ಟುಕೊಳ್ಳತ್ತೆ, ಅದು ಹೊಟ್ಟೆ ತೊಳಸೋದಕ್ಕೆ ಕಾರಣ ಆಗಬಹುದು. ಕಲಾಯಿ ಹಾಕಿಸೋ ತನಕ ಸ್ಟೀಲ್ ಬಳಸಿ.

ತಿಂಡಿಕಾಫಿ_ಮೈಸೂರು

ಕಲಾಯಿ ಅಂಚಿನಲ್ಲಿ ಸವೆದಿದೆ, ಸ್ಟೀಲಿಗೆ ಬದಲಾಯಿಸ್ತೀನಿ. ಡಿಕಾಕ್ಷನ್ ಸಂಜೆ ತನಕ ಇಡೋದು ತಪ್ಪಾ? ದಿನಕ್ಕೆರಡು ಸಲ ಇಳಿಸೋಕೆ ಹೊತ್ತು ಸಿಗಲ್ಲ.

ಒಂಟಿಕೊಪ್ಪಲ್_ಫಿಲ್ಟರ್

ಇಡಬಹುದು. ಬಿಸಿಯಲ್ಲಿ ಇಡಬಾರದು, ಮತ್ತೆ ಕಾಸಬಾರದು. ಹುರಿದಾಗ ಉಂಟಾದ ಲ್ಯಾಕ್ಟೋನ್‌ಗಳು ಬಿಸಿ ಡಿಕಾಕ್ಷನ್ನಿನಲ್ಲಿ ನಿಧಾನವಾಗಿ ಒಡೆದು ಕ್ವಿನಿಕ್ ಮೊದಲಾದ ಆಮ್ಲಗಳಾಗ್ತವೆ. ಹೊತ್ತು ಹೋದ ಹಾಗೆ ಪಿಎಚ್ ಇಳೀತಾ, ಹುಳಿಗಹಿ ಏರ್ತಾ ಹೋಗತ್ತೆ. ಮಧ್ಯಾಹ್ನ ಮೂರು ಗಂಟೆಗೆ ಕೆಲವು ಹೋಟೆಲಿನ ಕಾಫಿ ಬೆಳಗಿನ ಹಾಗಿರಲ್ಲ ಅಂದ್ರೆ ಡಿಕಾಕ್ಷನ್ ಅಲ್ಲೀವರೆಗೂ ಬಿಸಿನೀರಿನ ಮೇಲೇ ಕೂತಿರತ್ತೆ.

ಮನೆಯಲ್ಲಿ ಹೀಗೆ ಮಾಡಿ: ಇಳಿದ ಕೂಡಲೇ ಸಂಜೆಯ 30 ಮಿ.ಲೀ. ಸಣ್ಣ ಗಾಜಿನ ಸೀಸೆಗೆ ಹಾಕಿ ಬಿಗಿ ಮುಚ್ಚಿ, ಆರಿದ ಮೇಲೆ ಫ್ರಿಜ್‌ನಲ್ಲಿಡಿ. ಸಂಜೆ ಡಿಕಾಕ್ಷನ್ ಒಲೆಗೆ ತೋರಿಸಲೇಬೇಡಿ. 100 ಮಿ.ಲೀ. ಹಾಲನ್ನು ಉಕ್ಕು ಬರೋ ತನಕ ಕಾಸಿ, ಅದನ್ನೇ ತಣ್ಣನೆ ಡಿಕಾಕ್ಷನ್ ಮೇಲೆ ಸುರಿಯಿರಿ. 5 ಡಿಗ್ರಿಯ 30 ಮಿ.ಲೀ.ಗೆ 95 ಡಿಗ್ರಿಯ 100 ಮಿ.ಲೀ. ಬಿದ್ದರೆ 74 ಡಿಗ್ರಿ ನಿಲ್ಲತ್ತೆ. ಲೋಟ ತಣ್ಣಗಿದ್ದರೆ ಇನ್ನೆರಡು ಮೂರು ಡಿಗ್ರಿ ಇಳಿಯಬಹುದು, ಆದರೂ ಕುಡಿಯೋಕೆ ಬೇಕಾದಷ್ಟು ಬಿಸಿ. ಮಾರನೇ ದಿನಕ್ಕೆ ಉಳಿಸಬೇಡಿ.

ಸಕ್ಕರೆನಾಡು_ಮಂಡ್ಯ

ನೀರಿನ ವಿಚಾರ ನಾನು ಹೇಳ್ತೀನಿ. ಆರ್‌ಒ ನೀರಲ್ಲಿ ಹುಳಿ ಎದ್ದು ಕುಂತ್ಕತದೆ. ನೀರಲ್ಲಿರೋ ಬೈಕಾರ್ಬೊನೇಟು ಕಾಫಿ ಆಮ್ಲನ ಒಂದಷ್ಟು ತಿಂದಾಕ್ತದೆ. ಆರ್‌ಒ ಮಿಷನ್ನು ಅದನ್ನೂ ಸೋಸಿ ಎಸೀತದೆ. ಹಿಂಗೆ ಆಮ್ಲ ತಿಂದಾಕೋ ಶಕ್ತಿಗೆ ಕ್ಷಾರತೆ ಅಂತಾರೆ, ಕಾಫಿಗೆ ಲೀಟರಿಗೆ 40ರಿಂದ 70 ಮಿಲಿಗ್ರಾಂ ಕ್ಷಾರತೆ ಇರೋ ನೀರು ಚೆನ್ನ.

ಮೈಸೂರೋರಿಗೆ ಸುಲಭ: ನಲ್ಲೀಲಿ ಬರೋ ಕಾವೇರಿ ನೀರನ್ನ ಕುದಿಸಿ ಸೋಸಿ ಅದರಲ್ಲೇ ಡಿಕಾಕ್ಷನ್ ಹಾಕ್ಕಳಿ, ಆರ್‌ಒ ಬೇಕಾಗಿಲ್ಲ. ಬೋರ್ ನೀರಿನ ಮನೆ ಆದ್ರೆ ಅದೊಂದನ್ನೇ ಹಾಕಬ್ಯಾಡಿ. ಪಾತ್ರೆ ತಳದಲ್ಲಿ ಬೆಳ್ಳಗೆ ಸುಣ್ಣ ಕಟ್ಟೋ ನೀರಲ್ಲಿ ಕಾಫಿ ಸಪ್ಪೆ ಹೊಡೀತದೆ, ಘಮ ಏಳಲ್ಲ. ಎರಡು ಪಾಲು ಆರ್‌ಒ, ಒಂದು ಪಾಲು ಬೋರ್ ನೀರು ಬೆರೆಸಿ ಶುರು ಮಾಡಿ, ನಾಲಿಗೆ ಹೇಳ್ದಂಗೆ ಹೆಚ್ಚುಕಮ್ಮಿ ಮಾಡ್ಕಳಿ. ಗಡಸು ನೀರನ್ನ ಮೆತ್ತಗೆ ಮಾಡೋ ಉಪ್ಪಿನ ಸಾಫ್ಟನರ್ ಹಾಕಿರೋ ಅಪಾರ್ಟ್‌ಮೆಂಟ್ ನೀರು ಫಿಲ್ಟರಿಗೆ ಆಗಿಬರಲ್ಲ, ತೊಟ್ಟಿಕ್ಕೋದೇ ನಿಧಾನ ಆಯ್ತದೆ, ಕಾಫಿ ಒಗರು.

ಲೋಟದಬರಾ

ಬರೀ ಆರ್‌ಒ ಮಾತ್ರ ಇದ್ದರೆ? ಸೋಡ ಒಂದು ಚಿಟಿಕೆ ಹಾಕಬಹುದಾ?

ಒಂಟಿಕೊಪ್ಪಲ್_ಫಿಲ್ಟರ್

ಲೋಟಕ್ಕೆ ಚಿಟಿಕೆ ಹಾಕಿದರೆ ಅಳತೆ ಸಿಗಲ್ಲ. ಚಿಟಿಕೆ ಅಂದ್ರೆ ಒಬ್ಬರ ಕೈಗೆ 0.1 ಗ್ರಾಂ, ಇನ್ನೊಬ್ಬರ ಕೈಗೆ 0.4. ಜಾಸ್ತಿಯಾದರೆ ಸಾಬೂನಿನ ರುಚಿ, ಬಣ್ಣವೂ ಮಂಕು. ಹಾಲು ಹಾಕಿದ ಕಾಫಿಗೆ ಸೋಡದ ಕೆಲಸವನ್ನು ಹಾಲೇ ಮಾಡಿರತ್ತೆ, ಲೋಟಕ್ಕೆ ಹಾಕೋದು ದಂಡ.

ನೀರಿಗೆ ಹಾಕೋದಾದರೆ ಅಳೆದು ಹಾಕಿ. ಕಾಲು ಟೀ ಚಮಚ, ಚಾಕುವಿನಿಂದ ಮಟ್ಟ ಮಾಡಿದ ಅಡುಗೆ ಸೋಡ ಸುಮಾರು 1.2 ಗ್ರಾಂ. ಅದನ್ನು 120 ಮಿ.ಲೀ. ನೀರಲ್ಲಿ ಕರಗಿಸಿ ಸೀಸೆಯಲ್ಲಿಡಿ. ಇದರಲ್ಲಿ 10 ಮಿ.ಲೀ.ಗೆ 0.1 ಗ್ರಾಂ ಸೋಡ. ಒಂದು ಲೀಟರ್ ಆರ್‌ಒ ನೀರಿಗೆ ಈ 10 ಮಿ.ಲೀ. ಸೇರಿಸಿದರೆ ಕ್ಷಾರತೆ 60ರ ಹತ್ತಿರ ಬರತ್ತೆ. ಮಕ್ಕಳ ಔಷಧಿ ಜೊತೆ ಬರೋ ಅಳತೆ ಮುಚ್ಚಳ ಸಾಕು. ಸೋಡಾ ನೀರನ್ನು ವಾರಕ್ಕೊಮ್ಮೆ ಹೊಸದಾಗಿ ಮಾಡಿಕೊಳ್ಳಿ.

ಪಥ್ಯದಡುಗೆ

ಆ ಲೆಕ್ಕದಲ್ಲಿ ಒಂದು ಲೋಟ ಕಾಫಿಗೆ ಹೋಗೋ ಸೋಡಿಯಂ ಗಣನೆಗೇ ಬರಲ್ಲ, ಬಿಪಿ ಇರೋರಿಗೂ ತೊಂದರೆಯಿಲ್ಲ. ಆದರೆ ಉರಿ ಬಂದಾಗಲೆಲ್ಲ ಒಂದು ಚಮಚ ಸೋಡ ನೀರಿಗೆ ಹಾಕಿ ಕುಡಿಯೋ ಪದ್ಧತಿ ಬೇಡ. ಒಂದು ಟೀ ಚಮಚದಲ್ಲಿ 1,200 ಮಿಲಿಗ್ರಾಂ ದಾಟಿ ಸೋಡಿಯಂ ಇರತ್ತೆ.

ಹೆಬ್ಬಾಳ_ಕೋಲ್ಡ್‌ಬ್ರೂ

ತಣ್ಣೀರಲ್ಲಿ ಇಳಿಸಿದ ಕಾಫಿ ಬಗ್ಗೆ ಯಾರೂ ಹೇಳಿಲ್ಲ. "ಕೋಲ್ಡ್ ಬ್ರೂನಲ್ಲಿ 70% ಆಸಿಡ್ ಕಡಿಮೆ" ಅನ್ನೋ ಮಾತು ಜಾಹೀರಾತಿನದು. 2018ರಲ್ಲಿ ಫಿಲಡೆಲ್ಫಿಯಾದ ಥಾಮಸ್ ಜೆಫರ್ಸನ್ ವಿಶ್ವವಿದ್ಯಾಲಯದವರು ಅಳೆದಾಗ ಬಿಸಿಯದರ ಪಿಎಚ್ಚೂ ತಣ್ಣನೆಯದರ ಪಿಎಚ್ಚೂ ಹೆಚ್ಚುಕಡಿಮೆ ಒಂದೇ, 4.85ರಿಂದ 5.13ರೊಳಗೆ. ವ್ಯತ್ಯಾಸ ಇದ್ದದ್ದು ಒಟ್ಟು ಆಮ್ಲದ ಪ್ರಮಾಣದಲ್ಲಿ, ಬಿಸಿಯದರಲ್ಲಿ ಅದು ಜಾಸ್ತಿ. ಹಾಗಾಗಿ ಕಪ್ಪು ಕಾಫಿ ಕುಡಿಯೋರಿಗೆ, ನಾಲಿಗೆ-ಹಲ್ಲಿಗೆ ಹುಳಿ ತಡೆಯದೋರಿಗೆ ಉಪಯೋಗ ಇದೆ.

ವಿಧಾನ: ಚಿಕೋರಿ ಇಲ್ಲದ ಪುಡಿ 40 ಗ್ರಾಂ, ಸಣ್ಣ ರವೆಗಿಂತ ದಪ್ಪ, ಇಡ್ಲಿ ರವೆಯಷ್ಟು ತರಿ. ನೀರು 320 ಮಿ.ಲೀ. ಗಾಜಿನ ಜಾಡಿಯಲ್ಲಿ ಕಲಕಿ ಮುಚ್ಚಿ ಫ್ರಿಜ್‌ನಲ್ಲಿ 14 ಗಂಟೆ. ಮೊದಲು ಜಾಲರಿಯಲ್ಲಿ, ಆಮೇಲೆ ಒದ್ದೆ ಮಾಡಿದ ತೆಳು ಪಂಚೆ ಬಟ್ಟೆಯಲ್ಲಿ ಸೋಸಿ. ಬಟ್ಟೆ ಹಿಂಡಬೇಡಿ, ಹಿಂಡಿದರೆ ನುಣ್ಣನೆ ಗಸಿ ಬಂದು ಕಹಿ. 240 ಮಿ.ಲೀ. ಸಿಗತ್ತೆ, ಮೂರು ದಿನ ಇರತ್ತೆ. 40 ಮಿ.ಲೀ.ಗೆ ಉಕ್ಕಿ ಬಂದ ಹಾಲು 100 ಮಿ.ಲೀ. ಹಾಕಿದರೆ ಬಿಸಿ ಕಾಫಿಯೇ ಆಗತ್ತೆ.

ಹಾಳಾಗೋದು ಎಲ್ಲಿ? ಫಿಲ್ಟರ್ ಪುಡಿಯನ್ನೇ ಹಾಕಿದರೆ ಕೆಸರಾಗಿ ಬಟ್ಟೆಯಲ್ಲಿ ಇಳಿಯಲ್ಲ. ಚಿಕೋರಿ ಪುಡಿ ಹಾಕಿದರೆ ಅಂಟು. ಏಪ್ರಿಲ್ ಬಿಸಿಲಲ್ಲಿ ಹೊರಗಿಟ್ಟರೆ ಹುದುಗು ವಾಸನೆ, ಅದನ್ನು ಚೆಲ್ಲಲೇಬೇಕು. ಕೆಫೀನ್ ಕಡಿಮೆ ಅಂತಲೂ ತಿಳೀಬೇಡಿ: ಆ 40 ಮಿ.ಲೀ.ನಲ್ಲಿ ಆರೂಮುಕ್ಕಾಲು ಗ್ರಾಂ ಪುಡಿಯ ಸಾರ ಇದೆ.

ಲೋಟದಬರಾ

ಕಾಫಿಗೆ ಪಿಎಚ್ ಪಟ್ಟಿ ಅದ್ದಿ ನೋಡಬಹುದಾ?

ಹೆಬ್ಬಾಳ_ಕೋಲ್ಡ್‌ಬ್ರೂ

ಡಿಕಾಕ್ಷನ್ ಬಣ್ಣಕ್ಕೆ ಪಟ್ಟಿಯ ಬಣ್ಣ ಕಾಣಲ್ಲ. ನೀರು ಪರೀಕ್ಷಿಸೋಕೆ ಬಳಸಿ.

ಪಥ್ಯದಡುಗೆ

ಇನ್ನು ಹೊತ್ತು ಮತ್ತು ಜೊತೆಯ ತಿಂಡಿ. ಎದೆಯುರಿಯವರಿಗೆ ಇದೇ ಎಲ್ಲಕ್ಕಿಂತ ಮುಖ್ಯ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ, ಪುಡಿ ಬದಲಿಸೋದೆಲ್ಲ ಆಮೇಲೆ.

ಎದ್ದ ತಕ್ಷಣ ಕಾಫಿ ಬೇಡ. ಬರಿ ಹೊಟ್ಟೆಯಲ್ಲಿ ಸುರಿದ ಆಮ್ಲಕ್ಕೆ ಹೀರಿಕೊಳ್ಳೋಕೆ ಏನೂ ಇರಲ್ಲ. ತಿಂಡಿ ಮುಗಿಸಿ 15–20 ನಿಮಿಷ ಬಿಟ್ಟು ಕುಡೀರಿ. ಅಷ್ಟು ಹೊತ್ತು ತಡೆಯೋಕೆ ಆಗದಿದ್ದರೆ ಮೊದಲು ಎರಡು ರಸ್ಕ್ ಅಥವಾ ಒಂದು ಬಾಳೆಹಣ್ಣು, ಆಮೇಲೆ ಅರ್ಧ ಲೋಟ.

ಜೊತೆಗೆ ಏನು ಅನ್ನೋದೂ ಲೆಕ್ಕ. ಇಡ್ಲಿ-ಕಾಯಿಚಟ್ನಿ, ಉಪ್ಪಿಟ್ಟು, ಅಕ್ಕಿರೊಟ್ಟಿ, ರಾಗಿರೊಟ್ಟಿ ನಡೆಯತ್ತೆ. ಕೆಂಪು ಚಟ್ನಿ ಸವರಿ ಬೆಣ್ಣೆ ಹಾಕಿದ ಮಸಾಲೆ ದೋಸೆಯಲ್ಲಿ ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಕೊಬ್ಬು ಮೂರೂ ಸೇರಿವೆ. ಅದರ ಮೇಲೆ ಗಟ್ಟಿ ಕಾಫಿ ಕುಡಿದು ಉರಿ ಬಂದರೆ ಕಾಫಿಯೊಂದನ್ನೇ ದೂರಬಾರದು. ಮದ್ದೂರು ವಡೆಯೂ ಹಾಗೇ, ಈರುಳ್ಳಿ ಮತ್ತು ಕರಿದ ಎಣ್ಣೆ. ರೈಲಿನಲ್ಲಿ ವಡೆ ತಿಂದರೆ ಕಾಫಿಯನ್ನು ಒಂದು ಗಂಟೆ ಮುಂದಕ್ಕೆ ಹಾಕಿ.

ಹಾಲು: ನೀಲಿ ಪ್ಯಾಕೆಟ್ಟೇ ಸರಿ, ಅದರಲ್ಲಿ ಕೊಬ್ಬು 3%. ಕೆನೆಭರಿತ ಹಾಲು ರುಚಿಯೇನೋ ಹೌದು, ಆದರೆ ಕೊಬ್ಬು ಜಾಸ್ತಿಯಾದಷ್ಟೂ ಹೊಟ್ಟೆ ಖಾಲಿಯಾಗೋದು ತಡ, ಹುಳಿತೇಗು ಬರೋರಿಗೆ ಒಳ್ಳೇದಲ್ಲ. ಹಾಲಿನ ಕೇಸಿನ್ ಪ್ರೋಟೀನು ಕ್ಲೋರೋಜೆನಿಕ್ ಆಮ್ಲವನ್ನು ಹಿಡಿದುಕೊಳ್ಳೋದರಿಂದ ಒಗರೂ ಇಳಿಯತ್ತೆ, ಅದಕ್ಕೆ ಕೊಬ್ಬು ಬೇಕಿಲ್ಲ.

ಪ್ರಮಾಣ: 30 ಮಿ.ಲೀ. ಡಿಕಾಕ್ಷನ್, 100 ಮಿ.ಲೀ. ಹಾಲು. ತುಂಬ ಉರಿ ಇರೋರು 20ರಿಂದ ಶುರು ಮಾಡಿ. ಹೋಟೆಲಿನಲ್ಲಿ ಬೈಟು ಹೇಳಿ, ಅರ್ಧ ಲೋಟ ಸಾಕು. ದರ್ಶಿನಿಗಳಲ್ಲಿ "ಲೈಟ್" ಅಂದರೆ ಡಿಕಾಕ್ಷನ್ ಕಡಿಮೆ ಹಾಕಿ ಕೊಡ್ತಾರೆ. ಮಲಗೋಕೆ, ಒರಗೋಕೆ ಮುಂಚೆ ಮೂರು ಗಂಟೆ ಬಿಡುವಿರಲಿ.

ಮಾತ್ರೆ ನುಂಗೋರು ಗಮನಿಸಿ: ಥೈರಾಯ್ಡ್ ಮಾತ್ರೆಯನ್ನು ನೀರಲ್ಲಿ ನುಂಗಿ ಅರ್ಧದಿಂದ ಒಂದು ಗಂಟೆ ಕಾಫಿ ಕುಡೀಬಾರದು, ಮಾತ್ರೆ ಸರಿಯಾಗಿ ಹೀರಲ್ಲ. ಕಬ್ಬಿಣದ ಮಾತ್ರೆಗೂ ಕಾಫಿ ಅಡ್ಡಿ. ಪ್ಯಾಂಟೊಪ್ರಜೋಲ್ ಥರದ ಆಸಿಡಿಟಿ ಮಾತ್ರೆಯನ್ನು ತಿಂಡಿಗೆ ಅರ್ಧ ಗಂಟೆ ಮುಂಚೆ ನೀರಲ್ಲಿ ತಗೊಳ್ಳಿ, ಕಾಫಿ ತಿಂಡಿಯಾದ ಮೇಲೆ. ನೋವಿನ ಮಾತ್ರೆಯನ್ನು ಬರಿ ಹೊಟ್ಟೆಯಲ್ಲಿ ಕಾಫಿ ಜೊತೆ ನುಂಗೋ ಅಭ್ಯಾಸ ಹೊಟ್ಟೆಗೆ ಬಹಳ ಕೆಟ್ಟದ್ದು.

ನುಂಗುವಾಗ ಅನ್ನ ಸಿಕ್ಕಿಕೊಳ್ಳೋದು, ಮಲ ಟಾರಿನಂತೆ ಕಪ್ಪಾಗೋದು, ಕಾರಣವಿಲ್ಲದೆ ತೂಕ ಇಳಿಯೋದು, ನಡೆದಾಗ ಎದೆಯುರಿ ಹೆಚ್ಚಾಗಿ ಕೂತರೆ ಕಡಿಮೆಯಾಗೋದು – ಇವುಗಳಲ್ಲಿ ಒಂದಿದ್ದರೂ ಈ ಚರ್ಚೆ ಬಿಟ್ಟು ವೈದ್ಯರನ್ನು ನೋಡಿ.

ತಿಂಡಿಕಾಫಿ_ಮೈಸೂರು

ಬದಲಾವಣೆಗಳನ್ನು ಯಾವ ಕ್ರಮದಲ್ಲಿ ಮಾಡಲಿ? ಎಲ್ಲ ಒಟ್ಟಿಗೆ ಮಾಡಿದರೆ ಯಾವುದು ಫಲ ಕೊಟ್ಟಿತು ಗೊತ್ತಾಗಲ್ಲ.

ಪಥ್ಯದಡುಗೆ

ಮೊದಲ ವಾರ ಪುಡಿ, ನೀರು ಯಾವುದನ್ನೂ ಮುಟ್ಟಬೇಡಿ. ತಿಂಡಿ ಆದ ಮೇಲೆ ಕುಡಿಯೋದು, ಲೋಟ ಸಣ್ಣದು ಮಾಡೋದು, ಇಷ್ಟೇ. ಎರಡನೇ ವಾರ ಸಂಜೆಯ ಡಿಕಾಕ್ಷನ್ ಕಾಸೋದು ನಿಲ್ಲಿಸಿ. ಮೂರನೇ ವಾರ ಪುಡಿ. ನಾಲ್ಕನೆಯದರಲ್ಲಿ ನೀರು. ಫಿಲ್ಟರ್ ಮಾತ್ರ ಈಗಲೇ ಬದಲಿಸಿ. ನಡುವೆ ಒಂದು ದಿನ ಕಾಫಿಯಿಲ್ಲದೆ ಬರೀ ಬಿಸಿ ಹಾಲು ಅಷ್ಟೇ ಪ್ರಮಾಣ ಕುಡಿದು ನೋಡಿ. ಆಗಲೂ ಉಬ್ಬರ ಬಂದರೆ ದೋಷ ಕಾಫಿಯದಲ್ಲ, ಹಾಲಿನದು.

ಕಾಫಿ ಒಮ್ಮೆಗೇ ನಿಲ್ಲಿಸಿದರೆ ಎರಡು ಮೂರು ದಿನ ತಲೆನೋವು ಬರಬಹುದು, ಅದಕ್ಕೆ ಕಾಲುಭಾಗದಂತೆ ಇಳಿಸ್ತಾ ಬನ್ನಿ. ಸಂಜೆಯದರ ಜಾಗಕ್ಕೆ ಕೊತ್ತಂಬರಿ-ಜೀರಿಗೆ ಕಷಾಯ ಒಳ್ಳೇದು: ಹುರಿದು ಪುಡಿ ಮಾಡಿದ ಕೊತ್ತಂಬರಿ ಬೀಜ ನಾಲ್ಕು ಪಾಲು, ಜೀರಿಗೆ ಒಂದು ಪಾಲು. ಒಂದು ಟೀ ಚಮಚಕ್ಕೆ 100 ಮಿ.ಲೀ. ನೀರು, ಎರಡು ನಿಮಿಷ ಕುದಿಸಿ ಸೋಸಿ ಹಾಲು ಬೆರೆಸಿ. ಕಾಳುಮೆಣಸು ಬಿಡಿ.

ಸಕ್ಕರೆನಾಡು_ಮಂಡ್ಯ

ಸಕ್ಕರೆ ಬದಲು ಬೆಲ್ಲ ಹಾಕಿದ್ರೆ ಹೊಟ್ಟೆಗೆ ತಂಪು ಅಂತಾರೆ, ಆದ್ರೆ ಹಾಲು ಒಡೀತದೆ. ಅದಕ್ಕೇನಾದ್ರೂ ದಾರಿ ಅದಾ?

ಒಂಟಿಕೊಪ್ಪಲ್_ಫಿಲ್ಟರ್

@ಸಕ್ಕರೆನಾಡು_ಮಂಡ್ಯ ಬೆಲ್ಲಕ್ಕೆ ಸ್ವಲ್ಪ ಹುಳಿ, ಜೊತೆಗೆ ಲವಣಾಂಶ. ಅದಕ್ಕೇ ಕುದಿಯೋ ಹಾಲಿಗೆ ಹಾಕಿದರೆ ಒಡೆಯತ್ತೆ. ಹಳೇ ಬೆಲ್ಲದಲ್ಲಿ ಇದು ಇನ್ನೂ ಜಾಸ್ತಿ. ಡಿಕಾಕ್ಷನ್ನಿಗೆ ಬೆಲ್ಲ ಹಾಕಿ ಪೂರ್ತಿ ಕರಗಿಸಿ, ಹಾಲು ಒಲೆಯಿಂದ ಇಳಿಸಿ ಎರಡು ನಿಮಿಷ ಆದ ಮೇಲೆ, ಲೋಟ ಕಲಕ್ತಾ ನಿಧಾನವಾಗಿ ಸುರಿಯಿರಿ. ಸಿಹಿಗೆ 5–6 ಗ್ರಾಂ ದಾಟಬೇಡಿ. ಇಷ್ಟಾದರೂ ಒಡೆದರೆ ಹಾಲು ಹಿಂದಿನ ದಿನದ್ದಿರತ್ತೆ, ಇಲ್ಲವೇ ಡಿಕಾಕ್ಷನ್ ಹಳೆಯದಾಗಿ ಹುಳಿ ತಿರುಗಿರತ್ತೆ. ಯಾವುದು ಅಂತ ತಿಳಿಯೋಕೆ ಆ ಹಾಲನ್ನೊಂದೇ ಸಣ್ಣ ಪಾತ್ರೆಯಲ್ಲಿ ಕುದಿಸಿ. ಒಡೆಯದೆ ಉಕ್ಕಿದರೆ ಡಿಕಾಕ್ಷನ್ ಚೆಲ್ಲಿ ಹೊಸದು ಹಾಕಿ.